ತಪ್ಪನ್ನು ಬರೆದಿಟ್ಟವರು

ಅಜ್ಜನ ಅಜ್ಜ ಯಾರೆಂದು ತಿಳಿಯಬೇಕಾದಾಗ ನೀವು ಧರ್ಮಕೇಂದ್ರದ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ತೆರೆಯಿಸುತ್ತೀರಿ. ಅಲ್ಲಿ ಹೆತ್ತವರ ಹಾಗೂ ಜ್ಞಾನ ತಂದೆತಾಯಿಯರ ಹೆಸರುಗಳು ಸಿಗುತ್ತವೆ. ಅಂಚಿನಲ್ಲಿ ದೃಢೀಕರಣ, ವಿವಾಹಗಳ ಟಿಪ್ಪಣಿಯಿರುತ್ತದೆ. ಆ ಹಿರಿಯರ ತಪ್ಪುಗಳ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ಆದರೆ ತನ್ನ ಸದಸ್ಯರ ತಪ್ಪುಗಳನ್ನೂ ಬರೆದಿಟ್ಟ ಕ್ರೈಸ್ತ ಸಮುದಾಯವೊಂದುಂಟು. ಅವರು ಕ್ವೇಕರರು.

17ನೆಯ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಅವರ ಬೋಧನೆಯಿಂದ ಹುಟ್ಟಿದ ಈ ಪಂಥದಲ್ಲಿ ನೀರಿನ ಜ್ಞಾನಸ್ನಾನವಿಲ್ಲ. ಹೀಗಾಗಿ ಅವರ ಮಕ್ಕಳ ಹೆಸರುಗಳನ್ನು ಊರಿನ ದೇವಾಲಯದ ಪುಸ್ತಕಗಳಲ್ಲಿ ಹುಡುಕಿ ಫಲವಿಲ್ಲ. ಅವರ ಮಾಸಿಕ ಸಭೆಗಳೇ ಜನನ, ವಿವಾಹ, ಮರಣಗಳನ್ನು ದಾಖಲಿಸಿದವು. ವಿವಾಹಪತ್ರಕ್ಕೆ ನೆರೆದವರೆಲ್ಲರೂ ಸಾಕ್ಷಿಗಳಾಗಿ ಸಹಿ ಹಾಕುತ್ತಿದ್ದರು. ಇಡೀ ಬಂಧುಬಳಗ ಒಂದೇ ಹಾಳೆಯಲ್ಲಿ! ತಿಂಗಳುಗಳ ಹೆಸರುಗಳಲ್ಲಿ ಅನ್ಯದೇವತೆಗಳಿದ್ದಾರೆಂದು ಅವರು ಅವುಗಳನ್ನು ಸಂಖ್ಯೆಯಿಂದ ಕರೆದರು. 1752ಕ್ಕೆ ಮೊದಲು ಅವರ 'ಮೊದಲ ತಿಂಗಳು' ಮಾರ್ಚ್. ಇದನ್ನರಿಯದವರು ಮುತ್ತಜ್ಜಿಯ ಜನನವನ್ನು ಎರಡು ತಿಂಗಳು ಹಿಂದಕ್ಕೆ ತಳ್ಳಿಬಿಡುತ್ತಾರೆ.

ಸಭೆಯ ನಡಾವಳಿ ಪುಸ್ತಕಗಳ ಮಾತು ಬೇರೆ. ಸಾಲ ತೀರಿಸದಿರುವುದು, ಕುಡಿತ, ಆಯುಧ ಹಿಡಿಯುವುದು, ಹೊರಗಿನವರನ್ನು ಮದುವೆಯಾಗುವುದು, ಫಿಲಡೆಲ್ಫಿಯಾದಲ್ಲಿ 1776ರ ನಂತರ ಗುಲಾಮರನ್ನು ಇಟ್ಟುಕೊಳ್ಳುವುದು ಇವೆಲ್ಲವೂ ಅಲ್ಲಿ ವಿಚಾರಣೆಗೆ ಬಂದವು. ಮೊದಲು ಇಬ್ಬರು ಮೂವರು ಮನೆಗೆ ಹೋಗಿ ಮಾತನಾಡುವರು. ತಪ್ಪನ್ನು ಒಪ್ಪಿ ಬರೆದುಕೊಟ್ಟರೆ ಅದನ್ನು ಸ್ವೀಕರಿಸಿದ್ದೂ ದಾಖಲಾಗುವುದು. ಒಪ್ಪದಿದ್ದರೆ ಸದಸ್ಯತ್ವ ಹೋಗುವುದು. ಹಾಗಿದ್ದರೂ ಆರಾಧನೆಯ ಬಾಗಿಲು ಅವರಿಗೆ ಮುಚ್ಚುತ್ತಿರಲಿಲ್ಲ.

ಅಮೆರಿಕದ ಈ ದಾಖಲೆಗಳನ್ನು ಮನೆತನದ ಹೆಸರುಗಳಡಿ ಜೋಡಿಸಿದವರು ವಿಲಿಯಂ ವೇಡ್ ಹಿನ್‌ಷಾ, ಒಂದು ಕಾಲದ ಆಪೆರಾ ಗಾಯಕ. ಅವರ ವಂಶಾವಳಿ ವಿಶ್ವಕೋಶದ ಮೊದಲ ಸಂಪುಟ 1936ರಲ್ಲಿ ಹೊರಬಂತು. ಅದರಲ್ಲಿ ಹೊರಗೆ ಮದುವೆಯಾದದ್ದು, ಹೊರಗಿಡಲ್ಪಟ್ಟದ್ದು, ಮರಳಿ ಸೇರಿದ್ದು ಎಲ್ಲಕ್ಕೂ ಕೆಲವೇ ಅಕ್ಷರಗಳ ಸಂಕೇತ. ಹುಡುಕುವವರಿಗೆ ಇದೊಂದು ವರದಾನವೇ ಸರಿ. ಆದರೆ ಒಬ್ಬ ಮನುಷ್ಯನ ಸಂಕಟವು ಮೂರಕ್ಷರಗಳಲ್ಲಿ ಹಿಡಿಯುವುದೇ?

ಪೆನ್ಸಿಲ್ವೇನಿಯಾದ ಎಕ್ಸೆಟರ್ ಸಭೆಯ ಸ್ಕ್ವೈರ್ ಬೂನ್ ಎಂಬುವರನ್ನು ನೋಡಿ. ಗಡಿನಾಡಿನ ಸಾಹಸಿ ಡೇನಿಯಲ್ ಬೂನ್ ಇವರ ಮಗ. 1742ರಲ್ಲಿ ಹಿರಿಯ ಮಗಳು ಪಂಥದ ಹೊರಗೆ ಮದುವೆಯಾದಾಗ ತಂದೆ ಸಭೆಯ ಮುಂದೆ ತಪ್ಪೊಪ್ಪಿಕೊಂಡರು. 1747ರಲ್ಲಿ ಮಗ ಇಸ್ರೇಲ್ ಹಾಗೆಯೇ ಮಾಡಿದಾಗ ಮಾತ್ರ ಅವರು ತಲೆಬಾಗಲಿಲ್ಲ. ಮಗನ ಪರ ನಿಂತು ತಾವೂ ಹೊರಗಾದರು. 1750ರಲ್ಲಿ ಸಂಸಾರ ಸಮೇತ ಉತ್ತರ ಕೆರೊಲೈನಾದ ದಾರಿ ಹಿಡಿದರು. ಇದು ಹಟವೋ, ವಾತ್ಸಲ್ಯವೋ? ಸಂಕೇತಾಕ್ಷರ ಹೇಳದು. ಅಂತರಮತ ವಿವಾಹದ ವಿಷಯದಲ್ಲಿ ನಮ್ಮ ಧರ್ಮಸಭೆಯೂ ಬಿಗಿಯಾಗಿದ್ದ ಕಾಲವಿತ್ತು. ಹಾಗಾಗಿ ಆ ಹಿರಿಯರ ಮೇಲೆ ಕಲ್ಲೆಸೆಯಲು ನನಗೆ ಕೈ ಬಾರದು.

ಪಾಪನಿವೇದನೆಯ ಗೋಪ್ಯಕ್ಕೆ ಕಟ್ಟುಬಿದ್ದ ನನಗೆ ತಪ್ಪನ್ನು ಬರೆದಿಡುವುದೇ ನಿರ್ದಯವೆಂದು ತೋರಿತ್ತು. ಈಗ ಅಷ್ಟು ನಿಶ್ಚಯವಿಲ್ಲ. ಅವರು ಕ್ಷಮೆಯನ್ನೂ ಅದೇ ಪುಸ್ತಕದಲ್ಲಿ, ಅದೇ ಶಾಯಿಯಲ್ಲಿ ಬರೆದರು. ಸೋಜಿಗವೆಂದರೆ, ಯಾವ ದೂರಿಗೂ ಒಳಗಾಗದೆ ಬಾಳಿದ ಸಜ್ಜನನು ಜನನ, ವಿವಾಹ, ಮರಣಗಳ ಮೂರು ಸಾಲಿನಲ್ಲಿ ಮುಗಿದುಹೋಗುತ್ತಾನೆ. ಎಡವಿದವನ ಮಾತು, ಮೌನ, ಪಶ್ಚಾತ್ತಾಪಗಳೇ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ದೊರೆಯುವುದು. ಸಂತ ಮತ್ತಾಯರೂ ಪ್ರಭುವಿನ ವಂಶಾವಳಿಯಿಂದ ತಾಮಾರಳನ್ನಾಗಲಿ ಊರೀಯನ ಪತ್ನಿಯನ್ನಾಗಲಿ ಬಿಟ್ಟುಬಿಡಲಿಲ್ಲ.

ನನ್ನ ಮುತ್ತಜ್ಜನ ಹೆಸರೂ ಒಂದು ದಾಖಲೆ ಪುಸ್ತಕದಲ್ಲಿದೆ, ಎರಡೇ ಸಾಲು. ಆತ ನೆರೆಯವನಿಗೆ ಅನ್ಯಾಯ ಮಾಡಿದ್ದನೋ, ಮಾಡಿ ಕ್ಷಮೆ ಕೇಳಿದ್ದನೋ, ಅಂಚಿನಲ್ಲಿ ಏನೂ ಇಲ್ಲ.