ಮಿಕ್ಕಿದ ಒಂದು ಬೋಲ್ಟು

ಬ್ಯಾಂಕಿನ ನಗದು ಕೌಂಟರಿನಲ್ಲಿ ಕೂತವರಿಗೆ ಒಂದು ಮಾತು ಗೊತ್ತು. ಸಂಜೆ ಲೆಕ್ಕ ಕೂಡಿಸುವಾಗ ಹಣ ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಹೆಚ್ಚು ಬಂದರೂ ಸುಮ್ಮನಿರುವಂತಿಲ್ಲ. ಅಂದೇ ಮೇಲಿನವರಿಗೆ ತಿಳಿಸಿ ಬೇರೆ ಖಾತೆಗೆ ಜಮಾ ಮಾಡಬೇಕು. ನಮ್ಮಲ್ಲಿ ನೂರು ರೂಪಾಯಿ ಮಿಕ್ಕಿತೆಂದರೆ ಇನ್ನಾರಿಗೋ ನೂರು ರೂಪಾಯಿ ಕಡಿಮೆ ಹೋಗಿರಬೇಕಲ್ಲ! ಈ ನಿಯಮದ ಬಿಸಿ ನನಗೆ ತಟ್ಟಿದ್ದು ಮಾತ್ರ ಬ್ಯಾಂಕಿನಲ್ಲಲ್ಲ, ಗಡಹಿಂಗ್ಲಜದ ಅಕ್ಕನ ಮನೆಯ ಅಂಗಳದಲ್ಲಿ.

ಅಕ್ಕನ ಗಂಡನನ್ನು ನಾವು ಮಾಮಾ ಎನ್ನುತ್ತೇವೆ. ಕಾಸರಗೋಡಿನ ಓದುಗರಿಗೆ ಭಾವ ಎಂದರೆ ತಿಳಿದೀತು. ಅವರದೊಂದು ಹಳೆಯ ಮಾರುತಿ 800. 1983ರಿಂದ 2014ರವರೆಗೆ ತಯಾರಾದ ಈ ಕಾರು ಇನ್ನೂ ನಮ್ಮ ಕಡೆಯ ರಸ್ತೆಗಳಲ್ಲಿ ಕಾಣಸಿಗುತ್ತದೆ. ಅದು ನೀಲಿ ಹೊಗೆ ಬಿಡತೊಡಗಿತ್ತು. ಪಿಸ್ಟನ್ ರಿಂಗು ಸವೆದು ಆಯಿಲ್ ಸುಡುತ್ತಿದೆ ಎಂದರ್ಥ. ಮನೆಯಲ್ಲೇ ಎಂಜಿನ್ ಇಳಿಸುವುದೆಂದು ಮಾಮಾ ಹಟ ಹಿಡಿದರು. ಸರಪಳಿ ಪುಲ್ಲಿ ಬಂದದ್ದು ಇಚಲಕರಂಜಿಯಿಂದ. 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಯಂತ್ರಮಗ್ಗ ಹಾಕಿದ ಊರದು. ಮಗ್ಗದ ಶೆಡ್ಡಿನ ಪರಿಚಯದವರೊಬ್ಬರು ಎರವಲು ಕೊಟ್ಟರು. ಸಿಲಿಂಡರ್ ಬೋರಿಂಗಿಗೆ ಕೊಲ್ಲಾಪುರದ ಉದ್ಯಮನಗರ. ಕೈಕೆಲಸಕ್ಕೆ ನೆರೆಮನೆಯ ಮುದಿ ಮಿಸ್ತ್ರಿ. ನನ್ನದು ಗುಮಾಸ್ತಿಕೆಯೇ: ಬಿಚ್ಚಿದ ಬೋಲ್ಟುಗಳನ್ನು ಬಿಸ್ಕೀಟಿನ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸುವುದು.

ಮೊದಲು ಬ್ಯಾಟರಿಯ ಋಣ ತುದಿ ಬಿಚ್ಚಿದೆವು. ಆಮೇಲೆ ರೇಡಿಯೇಟರಿನ ನೀರು, ರಬ್ಬರ್ ಕೊಳವೆ, ವೈರು, ಸೈಲೆನ್ಸರಿನ ಪೈಪು, ಗಾಲಿಗೆ ಹೋಗುವ ಶಾಫ್ಟು, ಕೊನೆಗೆ ಎಂಜಿನ್ ಹೊತ್ತ ಮೌಂಟಿಂಗು. ಮೂರು ಕಬ್ಬಿಣದ ಪೈಪಿನ ತ್ರಿಪಾದಿಗೆ ತೂಗಿದ ಪುಲ್ಲಿಯ ಕೈಸರಪಳಿಯನ್ನು ಮಾಮಾ ಎಳೆದಂತೆ ಎಂಜಿನ್ ಬೆರಳಷ್ಟು ಬೆರಳಷ್ಟೇ ಏರಿತು. ಕೈ ಬಿಟ್ಟರೂ ಭಾರ ಕೆಳಗಿಳಿಯುವುದಿಲ್ಲ, ಪುಲ್ಲಿಯೊಳಗಿನ ಬ್ರೇಕು ಹಿಡಿದುಕೊಳ್ಳುತ್ತದೆ. ಆದರೂ ತೂಗುವ ಎಂಜಿನ್ನಿನ ಕೆಳಗೆ ಮಿಸ್ತ್ರಿ ಯಾರಿಗೂ ಕೈ ಚಾಚಗೊಡಲಿಲ್ಲ. ಸರಪಳಿಯ ಮೇಲೆ ನಂಬಿಕೆಯಿಲ್ಲವೇ ಎಂದು ಕೇಳಿದೆ. ನಂಬಿದ್ದಕ್ಕೇ ತೂಗುಹಾಕಿದ್ದು, ಕೈ ಮಾತ್ರ ನಿನ್ನದು ಎಂದು ಮರಾಠಿಯಲ್ಲಿ ಅಂದರು.

ಎರಡು ವಾರದ ಮೇಲೆ ಒಂದು ಭಾನುವಾರ ಸಂಜೆ ಎಂಜಿನ್ ಮತ್ತೆ ಕೂತಿತು. ಎರಡನೆಯ ಸಲಕ್ಕೇ ಚಾಲೂ ಆಯಿತು, ಹೊಗೆಯಿಲ್ಲ. ಅಕ್ಕ ತೆಂಗಿನಕಾಯಿ ಒಡೆದಳು. ಡಬ್ಬಿಗಳನ್ನು ಎತ್ತಿಡುವಾಗ ಚೀಟಿಯಿಲ್ಲದ ಒಂದರ ತಳದಲ್ಲಿ, ಕಿರುಬೆರಳಿನಷ್ಟು ಉದ್ದದ ಬೋಲ್ಟೊಂದು ಸಿಕ್ಕಿತು. ನೋಡಿದವನು ನಾನೊಬ್ಬನೇ. ಮರುದಿನ ಬೆಳಿಗ್ಗೆ ಅವರೆಲ್ಲ ಅದೇ ಕಾರಿನಲ್ಲಿ ಇಚಲಕರಂಜಿಗೆ ಮಾಮಾನ ತಂಗಿಯ ಗೃಹಪ್ರವೇಶಕ್ಕೆ ಹೊರಟಿದ್ದರು. ಸಂಕೇಶ್ವರ ದಾಟಿ ತವಂದಿ ಘಾಟಿನ ಮೇಲೆ ಹೋಗಬೇಕು.

ಬೋಲ್ಟು ಜೇಬಿಗೆ ಹಾಕಿಕೊಂಡೆ. ಎಂಜಿನ್ ಓಡುತ್ತಿದೆಯಲ್ಲ, ಇನ್ನೇನು? ಹೇಳಿದರೆ ನನ್ನ ಚೀಟಿಯ ಲೆಕ್ಕವೇ ತಪ್ಪಿತೆಂದು ಒಪ್ಪಿಕೊಂಡಂತೆ. ಇದು ಯಾವುದೋ ಹಳೆಯ ಬೋಲ್ಟು ಎಂದು ಹತ್ತು ನಿಮಿಷದಲ್ಲಿ ನನ್ನನ್ನು ನಾನೇ ನಂಬಿಸಿಬಿಟ್ಟಿದ್ದೆ.

ಆಗ ಬಿ.ಎ.ಯಲ್ಲಿ ಓದಿದ್ದ ಕ್ಲಿಫರ್ಡ್ ನೆನಪಾದ. ಇಂಗ್ಲೆಂಡಿನ ಈ ಗಣಿತಜ್ಞ 1877ರ ತನ್ನ ಪ್ರಬಂಧದಲ್ಲಿ ಒಬ್ಬ ಹಡಗಿನ ಮಾಲೀಕನನ್ನು ತರುತ್ತಾನೆ. ಹಡಗು ಹಳೆಯದು, ಸಂಶಯವಿದೆ, ತಪಾಸಣೆಗೆ ಖರ್ಚು. ಇಷ್ಟು ಸಲ ಸುಖವಾಗಿ ಬಂದಿದೆಯಲ್ಲ ಎಂದು ಮನಸ್ಸನ್ನು ಒಲಿಸಿಕೊಂಡು ಪ್ರಯಾಣಿಕರನ್ನು ಕಳಿಸುತ್ತಾನೆ. ಹಡಗು ಮುಳುಗಿದರೆ ಅವನು ತಪ್ಪಿತಸ್ಥ, ಸರಿ. ಮುಳುಗದೆ ದಡ ಸೇರಿದರೆ? ಆಗಲೂ ಅಷ್ಟೇ ತಪ್ಪಿತಸ್ಥ ಎನ್ನುತ್ತಾನೆ ಕ್ಲಿಫರ್ಡ್. ಹಾಗೆ ನಂಬುವ ಹಕ್ಕೇ ಅವನಿಗಿರಲಿಲ್ಲ. (1870ರಲ್ಲಿ ಸೂರ್ಯಗ್ರಹಣ ನೋಡಲು ಹೋದ ಕ್ಲಿಫರ್ಡ್ ಸಿಸಿಲಿಯ ಕರಾವಳಿಯಲ್ಲಿ ಹಡಗು ಒಡೆದು ಬದುಕಿ ಬಂದವನು. ಬರೀ ತರ್ಕವಲ್ಲ.) ಎಲ್ಲದಕ್ಕೂ ಪುರಾವೆ ಕಾಯುತ್ತ ಕೂತರೆ ಬದುಕು ಸಾಗದೆಂದು ವಿಲಿಯಂ ಜೇಮ್ಸ್ 1896ರಲ್ಲಿ ಉತ್ತರಿಸಿದ್ದೂ ನೆನಪಿತ್ತು. ಆದರೆ ಜೇಮ್ಸನ ಮಾತು, ಹುಡುಕಿದರೂ ಉತ್ತರ ಸಿಗದ ಸಂಗತಿಗಳಿಗೆ. ನನ್ನ ಉತ್ತರ ಬಾನೆಟ್ಟಿನ ಕೆಳಗಿತ್ತು. ಸಾಲದ್ದಕ್ಕೆ, ಘಾಟು ಇಳಿಯುವವನು ನಾನಲ್ಲ.

ರಾತ್ರಿ ಊಟದ ಮೇಲೆ ಹೇಳಿದೆ.

"ಗಾಡಿ ಚಾಲೂ ಆತಲ್ಲೊ. ಮತ್ತೇನ ಬೇಕ ನಿನಗ?" ಎಂದರು ಮಾಮಾ.

"ಆತ್ರೀ ಮಾಮಾ. ಆದ್ರ ಇದು ಎಲ್ಲೀದು ಅನ್ನೂದು ನನಗ ಗೊತ್ತಿಲ್ಲ."

ಬೋಲ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಮತ್ತೆ ಮಾತಾಡಲಿಲ್ಲ. ಬೆಳಿಗ್ಗೆ ಎಲ್ಲರೂ ಎಸ್.ಟಿ. ಬಸ್ಸಿನಲ್ಲಿ ಹೋದರು, ಮುಹೂರ್ತಕ್ಕೆ ಮುಟ್ಟಲಿಲ್ಲ. ಅಕ್ಕ ವಾರವಿಡೀ ನನಗೆ ಫೋನು ಮಾಡಲಿಲ್ಲ.

ಮುಂದಿನ ಭಾನುವಾರ ಎಂಜಿನ್ನಿನ ಭಾರವನ್ನು ಮತ್ತೆ ಸರಪಳಿಗೆ ಕೊಟ್ಟು, ಮೌಂಟಿಂಗು, ಗೇರ್‌ಬಾಕ್ಸ್ ಸೇರುವ ಜಾಗ, ಕೆಳಗಿನ ಆಯಿಲ್ ತಟ್ಟೆ, ಎಲ್ಲ ನೋಡಿದೆವು. ಒಂದು ತೂತೂ ಖಾಲಿಯಿರಲಿಲ್ಲ. ಆ ಬೋಲ್ಟಿನ ಹಲ್ಲು ಎಲ್ಲಿಯೂ ಕೂಡಲಿಲ್ಲ. ತನ್ನ ಹಳೆಯ ಪೆಟ್ಟಿಗೆಯಿಂದ ಉದುರಿದ್ದಿರಬೇಕು ಎಂದರು ಮಿಸ್ತ್ರಿ.

ಹಾಗಾದರೆ ಹೇಳಿದ್ದು ವ್ಯರ್ಥವಾಯಿತೇ? ಅಕ್ಕನ ಲೆಕ್ಕದಲ್ಲಿ ಹೌದು. ಅವಳು ಕಳೆದುಕೊಂಡ ಮುಹೂರ್ತ ತಿರುಗಿ ಬರುವುದಿಲ್ಲ. ಹಡಗು ದಡ ಸೇರಿದ ಮೇಲೂ ಮಾಲೀಕ ತಪ್ಪಿತಸ್ಥನೇ ಎನ್ನುವುದಾದರೆ, ಹಡಗು ಗಟ್ಟಿಯಿತ್ತೆಂದು ತಿಳಿದ ಮೇಲೂ ತಪಾಸಣೆ ಸರಿಯೇ ಎನ್ನಬೇಕು. ತರ್ಕ ಹಾಗೆನ್ನುತ್ತದೆ. ಅಕ್ಕನ ಮುಂದೆ ಕೂತು ಇದನ್ನು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಮರುತಿಂಗಳು ಅದೇ ಕಾರಿನಲ್ಲಿ ಕೊಲ್ಲಾಪುರಕ್ಕೆ ಹೋದೆವು. ಘಾಟು ಇಳಿಯುವವರೆಗೆ ಯಾರೂ ಮಾತಾಡಲಿಲ್ಲ. ನಿಪ್ಪಾಣಿಯಲ್ಲಿ ಚಹಾಕ್ಕೆ ನಿಂತಾಗ ಮಾಮಾ ಬಾನೆಟ್ ಎತ್ತಿ ಒಮ್ಮೆ ಬಗ್ಗಿ ನೋಡಿದರು. ಆಮೇಲೆ ನನ್ನನ್ನೂ ಕರೆದು ತೋರಿಸಿದರು.