ಶೇಂಗಾ ಕಂದಮೂಲವೇ?

ಕಳೆದ ದಶಲಕ್ಷಣ ಪರ್ವದಲ್ಲಿ ಸಿಂಧನೂರಿನ ತರುಣ ಶ್ರಾವಕನೊಬ್ಬನು ಕೇಳಿದನು: “ಗುರುಗಳೇ, ಆಲೂಗಡ್ಡೆಯ ಹೆಸರು ಪ್ರಾಚೀನ ಶಾಸ್ತ್ರಗಳಲ್ಲಿಲ್ಲ, ಅದನ್ನು ತ್ಯಜಿಸಿದ್ದೀರಿ. ಶೇಂಗಾ ಮಣ್ಣಿನೊಳಗೇ ಬಲಿಯುತ್ತದೆ, ಅದನ್ನು ಸೇವಿಸುತ್ತೀರಿ. ಇದು ಹೇಗೆ?”

ಪ್ರಶ್ನೆ ಸಣ್ಣದಲ್ಲ. ಎರಡೂ ದಕ್ಷಿಣ ಅಮೆರಿಕದ ಬೆಳೆಗಳು; ಪೋರ್ಚುಗೀಸರು ಬಂದ ಮೇಲೆ ನಮ್ಮ ನಾಡಿಗೆ ಬಂದವು. ಮಸ್ಕಿಯ ಬಂಡೆಯಲ್ಲಿ ಅಶೋಕನ ಶಾಸನವನ್ನು ಕೊರೆದಾಗ ಆ ಊರಿನ ಅಡಿಗೆಯಲ್ಲಿ ಇವೆರಡೂ ಇರಲಿಲ್ಲ, ಮೆಣಸಿನಕಾಯಿಯೂ ಇರಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂಲಂಗಿ, ಹಸಿಶುಂಠಿಗಳನ್ನು ಹೆಸರಿಸಿದರಲ್ಲದೆ, ಫಲ ಕಡಿಮೆ, ಜೀವಘಾತ ಹೆಚ್ಚು ಎಂಬ ಕಾರಣವನ್ನೂ ತಿಳಿಸಿದರು. ಆ ಕಾರಣವು ಹೊಸ ಬೆಳೆಗೂ ಅನ್ವಯಿಸುತ್ತದೆ. ತುಂಡರಿಸಿದರೂ ಮೊಳೆಯುವುದು ಸಾಧಾರಣ ವನಸ್ಪತಿಯ ಲಕ್ಷಣವೆಂದು ಗೊಮ್ಮಟಸಾರವು ಹೇಳುತ್ತದೆ. ಹೋಳುಮಾಡಿದ ಆಲೂಗಡ್ಡೆಯ ಒಂದೊಂದು ಕಣ್ಣೂ ಬೇರೆ ಗಿಡವಾಗಬಲ್ಲದು.

ಶೇಂಗಾ ಹಾಗಲ್ಲ. ಲಿಂಗಸುಗೂರಿನ ಹೊಲದಲ್ಲಿ ಕುಳಿತು ನೋಡಿರಿ: ಹಳದಿ ಹೂವು ಮೇಲೆಯೇ ಅರಳುತ್ತದೆ, ಪರಾಗಸ್ಪರ್ಶವಾದ ಬಳಿಕ ಅದರ ಬುಡದಿಂದ ಎಳೆಯೊಂದು ಕೆಳಗಿಳಿದು, ಮಣ್ಣನ್ನು ಹೊಕ್ಕು, ತುದಿಯಲ್ಲಿ ಕಾಯಿ ಕಟ್ಟುತ್ತದೆ. ಅದು ಗಡ್ಡೆಯಲ್ಲ, ತೊಗರಿ ಕಡಲೆಗಳ ಬಳಗದ ಕಾಯಿ. ಅದನ್ನು ಬೆಣ್ಣೆಯಂತೆ ಅರೆದು ಬ್ರೆಡ್ಡಿಗೆ ಸವರುವ ಅಮೆರಿಕನ್ನರು ‘ಪೀನಟ್’ ಎಂದು ಕರೆದು ಬಾದಾಮಿಯ ಸಾಲಿಗೆ ಸೇರಿಸುವರು. ಹೆಸರು ಅಲ್ಲಿಯೂ ದಾರಿ ತಪ್ಪಿಸಿದೆ.

ಆದರೂ ಗಿಡವನ್ನು ಕೀಳುವಾಗ ಮಣ್ಣಿನ ಜೀವಿಗಳಿಗೆ ಘಾತವಾಗದೆಂದು ನಾನು ಹೇಳಲಾರೆ. ಸಿಂಧನೂರಿನ ಭತ್ತದ ಗದ್ದೆಯನ್ನು ಉಳುವಾಗಲೂ ಆಗುತ್ತದೆ.

ತರುಣನು ಒಪ್ಪಿದನು. ಬಳಿಕ ವಿನಯದಿಂದಲೇ, “ನಿನ್ನೆ ಏಕಾಶನದಲ್ಲಿ ತಾವು ಶೇಂಗಾ ಹೋಳಿಗೆ ಎಷ್ಟು ಸ್ವೀಕರಿಸಿದಿರಿ?” ಎಂದನು. ಅಂದು ಬೆಳಿಗ್ಗೆ ರಸಪರಿತ್ಯಾಗವನ್ನು ಕುರಿತು ಉಪನ್ಯಾಸ ಮಾಡಿದವನು ನಾನೇ. ಮೂರು ಎಂದೆ.