ಅಂಗೈಯಲ್ಲಿ ನೆಟ್ಟ ನೋಟ

ಲಿಂಗವಂತನಾದವನು ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿರಿಸಿ, ತಲೆಬಾಗಿ, ಎವೆಯಿಕ್ಕದೆ ನೋಡುವನಷ್ಟೆ. ನಮ್ಮ ಮಾಸ್ತಿಯಲ್ಲಿ ಮಾಲೂರಿನ ಬಸ್ಸಿಗಾಗಿ ಕಾದು ನಿಂತ ಕಾಲೇಜು ಮಕ್ಕಳಲ್ಲಿಯೂ ಅದೇ ಭಂಗಿ ಕಾಣುವುದು. ತಲೆ ಬಾಗಿದೆ, ದೃಷ್ಟಿ ಅಂಗೈಯಲ್ಲಿ ನೆಟ್ಟಿದೆ. ಭಂಗಿ ಒಂದಾದರೂ ಫಲ ಬೇರೆ. ಲಿಂಗದಲ್ಲಿ ಕಣ್ಣು ನಿಂತರೆ ಮನಸ್ಸೂ ನಿಲ್ಲುವುದು. ಮೊಬೈಲಿನ ಜಾಲತಾಣಗಳಾದರೋ ನೋಟವು ಎಲ್ಲಿಯೂ ನಿಲ್ಲದಂತೆ ರಚಿತವಾಗಿವೆ. ಒಂದು ಚಿತ್ರ ಮುಗಿಯುವ ಮೊದಲೇ ಮತ್ತೊಂದು ಮೇಲೇರಿ ಬರುವುದು.

ಆದರೂ ನೋಡುವ ಚಪಲಕ್ಕಿಂತ ನೋಡಿಸಿಕೊಳ್ಳುವ ಹಂಬಲವೇ ಹೆಚ್ಚು ಅಪಾಯಕರವೆಂದು ನನ್ನ ಅಭಿಪ್ರಾಯ. 2009ರಲ್ಲಿ ಫೇಸ್‌ಬುಕ್ಕಿನವರು ‘ಲೈಕ್’ ಎಂಬ ಗುಂಡಿಯನ್ನು ತಂದರು. ಮೆಚ್ಚುಗೆಗೂ ಲೆಕ್ಕ ಬಂದಿತು. ಹದಿನಾಲ್ಕರ ಬಾಲಕಿಯೊಬ್ಬಳು ತನ್ನ ಭಾವಚಿತ್ರವನ್ನು ಹಾಕಿ, ಎಷ್ಟು ಜನ ಮೆಚ್ಚಿದರೆಂದು ಗಳಿಗೆಗೊಮ್ಮೆ ನೋಡುವಳು. ಗೆಳತಿಗೆ ಬಂದಷ್ಟು ತನಗೆ ಬಾರದಿದ್ದರೆ ಮೈಬಣ್ಣವೋ, ಮೂಗೋ, ಮನೆಯ ಬಡತನವೋ ಕಾರಣವೆಂದು ಕೊರಗುವಳು. ತಮ್ಮವರ ಹೊಗಳಿಕೆಯನ್ನು ಬಸವಣ್ಣನವರು ಚಿನ್ನದ ಶೂಲಕ್ಕೆ ಹೋಲಿಸಿದುದು ವಾಚಕರಿಗೆ ತಿಳಿದೇ ಇದೆ. ಭಕ್ತಿಭಂಡಾರಿಗಳೇ ಅಂಜಿದ ಆ ಶೂಲವನ್ನು ಮನಸ್ಸು ಬಲಿಯದ ಮಕ್ಕಳು ಹೇಗೆ ತಾಳಿಯಾರು?

ಇದು ಮುದುಕನ ಗೊಣಗಾಟವಲ್ಲ. ಮೊಬೈಲು, ಜಾಲತಾಣಗಳ ಅತಿಬಳಕೆಯಿಂದ ಬಳಲುವವರಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ, ದಿನಕ್ಕೆ 3 ಗಂಟೆಗೂ ಮೀರಿ ಜಾಲತಾಣಗಳಲ್ಲಿ ಕಳೆಯುವ ಮಕ್ಕಳಿಗೆ ಖಿನ್ನತೆ, ಆತಂಕಗಳ ಲಕ್ಷಣ ಕಾಣುವ ಸಂಭವ ಇಮ್ಮಡಿಯೆಂದು ತಿಳಿಸಿದರು. ಜಾಲತಾಣವೇ ಕಾರಣವೋ, ಮೊದಲೇ ನೊಂದ ಮಕ್ಕಳು ಅದನ್ನು ಹೆಚ್ಚಾಗಿ ಆಶ್ರಯಿಸುವರೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಎಲ್ಲ ಮಕ್ಕಳಿಗೂ ಕೇಡಾಗುವುದೆಂದೂ ಹೇಳಲಾಗದು. ಆಸ್ಟ್ರೇಲಿಯ ದೇಶವು 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಅಲ್ಲಿ ಖಾತೆ ಹೊಂದಕೂಡದೆಂಬ ಕಾನೂನನ್ನೇ ಜಾರಿಗೆ ತಂದಿತು. ಕಾನೂನಿನ ಮಾತು ಹಾಗಿರಲಿ. ಗೃಹಸ್ಥರಾದ ನಮ್ಮ ನಡತೆ ಹೇಗಿದೆ?

2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಮೊಬೈಲನ್ನು ಮಕ್ಕಳ ಕೈಗಿತ್ತವರು ನಾವೇ. ಹಾಲು ಮಾರಿದ ಹಣವನ್ನು ಕೂಡಿಸಿ ಕೊಡಿಸಿದ ತಂದೆಗಳುಂಟು. ಅದನ್ನೇ ಈಗ ಕಸಿದುಕೊಂಡು ಬಯ್ದರೆ ಮಗುವು ಏನೆಂದು ತಿಳಿಯಬೇಕು? ಅದೂ ಇರಲಿ. ಕಳೆದ ವರ್ಷ ನನ್ನ ಮೊಮ್ಮಗಳು ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳಿಂದ ತೇರ್ಗಡೆಯಾದಳು. ಅವಳನ್ನು ಕೇಳದೆಯೇ ಅಂಕಪಟ್ಟಿಯನ್ನು ನನ್ನ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಿದೆನು. ರಾತ್ರಿ ಪ್ರಸಾದದ ಹೊತ್ತಿಗೆ “ತಾತಾ, ಎಷ್ಟು ಜನ ನೋಡಿದರು?” ಎಂದಳು. ಎಪ್ಪತ್ತಮೂರು ಎಂದೆನು, ಅಷ್ಟುಹೊತ್ತಿಗೆ ನಾನೂ ಎಣಿಕೆ ನೋಡಿಕೊಂಡಿದ್ದೆನಲ್ಲ! “ಕಮ್ಮಿ ಬಂದಿದ್ದರೆ ಹಾಕುತ್ತಿದ್ದಿರಾ?” ಎಂದಳು. ನನಗೆ ಉತ್ತರ ತೋಚಲಿಲ್ಲ. ಶೂಲವನ್ನು ನೆಟ್ಟವನು ನಾನೇ ಎಂಬುದು ಆಗ ತಿಳಿಯಿತು.

ಹುಟ್ಟಿದ ಕೂಸಿಗೆ ಲಿಂಗಧಾರಣೆ ಮಾಡುವಾಗ ಅದರ ರೂಪವನ್ನಾಗಲಿ ಯೋಗ್ಯತೆಯನ್ನಾಗಲಿ ಯಾರೂ ಅಳೆಯುವುದಿಲ್ಲ. ಏನನ್ನೂ ಗಳಿಸುವ ಮೊದಲೇ ಅದು ಲಿಂಗಕ್ಕೆ ಸಲ್ಲುವುದು. ಈ ಮಾತನ್ನು ಬೆಳೆದ ಮಗುವಿಗೆ ಮನೆಯಲ್ಲಿ ಯಾರಾದರೂ ಹೇಳಿದ್ದೇವೆಯೆ? ಇನ್ನು ಮಗುವು ನಿದ್ದೆಗೆಟ್ಟು, ಊಟ ಬಿಟ್ಟು, ಬದುಕೇ ಬೇಡವೆಂಬ ಮಾತನ್ನಾಡಿದರೆ ಅದನ್ನು ಹಠವೆಂದು ತಳ್ಳಿಹಾಕದೆ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಉಚಿತವಾಗಿ ದೊರೆಯುವುದು.

ನಮ್ಮ ಮನೆಯಲ್ಲಿ ಸಂಜೆಯ ಪೂಜೆಯಿಂದ ಪ್ರಸಾದ ಮುಗಿಯುವವರೆಗೆ ಎಲ್ಲರ ಮೊಬೈಲುಗಳೂ ನಡುಮನೆಯ ಗೂಡಿನಲ್ಲಿರತಕ್ಕದ್ದೆಂದು ಮೊಮ್ಮಗಳೇ ನಿಯಮ ಮಾಡಿದಳು. ಮೊದಲ ಎರಡು ದಿನ ನಡುನಡುವೆ ಎದ್ದು ಹೋಗಿ ಗೂಡಿಗೆ ಕೈಹಾಕಿದವನು ನಾನೊಬ್ಬನೇ.